ಜ್ಯೂಸ್ ಜಾರಿನಲ್ಲಿ ಉಳಿದ ಕಿವಿ ಹಣ್ಣು



ನಾವು ಮುಂಬಯಿಗೆ ಬಂದ ಕಾಲದಲ್ಲಿ ಜ್ಯೂಸ್ ಕೌಂಟರೆಂದರೆ ಮೋಸಂಬಿ, ಅನಾನಸು, ಚಿಕ್ಕು, ಕಲ್ಲಂಗಡಿ, ಇಷ್ಟೇ. ಈಗ ಕಿವಿ, ಡ್ರ್ಯಾಗನ್, ಅವಕಾಡೊ ಇಡದಿದ್ದರೆ ಮದುವೆಯವರು ಆರ್ಡರ್ ಕೊಡಲು ಹಿಂದೆಮುಂದೆ ನೋಡುತ್ತಾರೆ. ಹಣ್ಣನ್ನೇನೋ ತಂದೆವು, ಅದರ ಗುಣ ತಿಳಿದುಕೊಳ್ಳಲಿಲ್ಲ.

2018ರ ಮೇ ತಿಂಗಳ ಒಂದು ಸಂಜೆ ಹಳೆಯ ಗಿರಾಕಿಯೊಬ್ಬರು ಮಗಳ ಜೊತೆ ಬಂದರು. ಹುಡುಗಿಗೆ ಹದಿನಾರು ವರ್ಷವಿರಬಹುದು. "ಅಣ್ಣಾ, ಇವಳಿಗೆ ಕಿವಿ ಹಣ್ಣು ಆಗುವುದಿಲ್ಲ, ಹಾಕಬೇಡಿ" ಎಂದು ಗಲ್ಲಾದಲ್ಲಿ ನಮಗೇ ಹೇಳಿದರು. ನಾವು ಕೌಂಟರಿನ ಹುಡುಗನಿಗೆ ಕೂಗಿ ಹೇಳಿದೆವು. ಅವನೂ ಹಾಕಲಿಲ್ಲ, ಬರೀ ಕಲ್ಲಂಗಡಿ ಜ್ಯೂಸ್ ಕೊಟ್ಟ. ಅರ್ಧ ಗ್ಲಾಸ್ ಆಗುವಾಗಲೇ ಬಾಯಿ ತುರಿಸುತ್ತದೆ ಎಂದಳು. ಐದು ನಿಮಿಷದಲ್ಲಿ ತುಟಿ ಊದಿತು, ಕುತ್ತಿಗೆ ತುಂಬ ದದ್ದು, ಸ್ವರ ಒಡೆಯಿತು, ಉಸಿರಿನಲ್ಲಿ ಸೀಟಿಯಂಥ ಶಬ್ದ.

ನಾವು ಮಾಡಿದ್ದೇನು? ಪಿತ್ತವಿರಬೇಕೆಂದು ಲಿಂಬೆ ನೀರು ತರಿಸಿದೆವು. ಎದುರಿನ ಮೆಡಿಕಲ್ಲಿನಿಂದ ಅಲರ್ಜಿ ಮಾತ್ರೆ ತಂದುಕೊಟ್ಟು ಕಾದೆವು. ಗಾಳಿ ಬರಲೆಂದು ಬಾಗಿಲವರೆಗೆ ನಡೆಸಿದೆವು, ಅಲ್ಲೇ ಕುಸಿದಳು. ಮೂರೂ ತಪ್ಪು. ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಹಿಡಿತಕ್ಕೆ ಬಂತು.

ರಾತ್ರಿ ಮಿಕ್ಸರ್ ಜಾರ್ ಬಿಚ್ಚಿ ನೋಡಿದರೆ ಬ್ಲೇಡಿನ ಕೆಳಗಿನ ವಾಶರಿನಲ್ಲಿ ಕಿವಿಯ ಸಣ್ಣ ಕಪ್ಪು ಬೀಜಗಳು! ಹಿಂದಿನ ಆರ್ಡರ್ ಕಿವಿ ಜ್ಯೂಸ್. ಹುಡುಗ ಬಕೆಟ್ ನೀರಿನಲ್ಲಿ ಜಾರ್ ಅಲುಗಿಸಿ ಇಟ್ಟಿದ್ದ. ಗಿರಾಕಿ ಕಾಯಬಾರದೆಂದು ಹಾಗೆ ಕಲಿಸಿದವರು ನಾವೇ.

ಊರಿನಲ್ಲಿ ಗೇರು ಸೊನೆ, ಮಾವಿನ ಸೊನೆ ತಾಗಿ ಚರ್ಮ ಸುಟ್ಟದ್ದನ್ನು ನಾವೆಲ್ಲ ಕಂಡಿದ್ದೇವೆ. ಅದು ಬೇರೆ, ಇದು ಬೇರೆ. ಇಲ್ಲಿ ಹಣ್ಣಿನ ಪ್ರೋಟೀನನ್ನು ದೇಹ ವೈರಿಯೆಂದು ತಿಳಿದು ಒಮ್ಮೆಲೇ ಎದುರು ಬೀಳುತ್ತದೆ. ಗಂಟಲು ಊದುತ್ತದೆ, ರಕ್ತದೊತ್ತಡ ಇಳಿಯುತ್ತದೆ. ಇದಕ್ಕೆ ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ. ಕಿವಿಯಲ್ಲಿ ಮುಖ್ಯವಾದದ್ದು ಆಕ್ಟಿನಿಡಿನ್ ಎಂಬ ಪ್ರೋಟೀನು. ಹಸಿ ಕಿವಿಯನ್ನು ಹಾಲಿಗೆ ಹಾಕಿಟ್ಟರೆ ಕಹಿಯಾಗುವುದೂ ಅದರಿಂದಲೇ. ಕೆಲವರಿಗೆ ಅಂಟಿಕೊಂಡ ಚೂರೇ ಸಾಕು.

ಇನ್ನೊಂದು ವಿಷಯ ನಮಗೆ ಆಶ್ಚರ್ಯ ತಂದಿತು. ರಬ್ಬರ್ ಕೈಗವಸಿನ ಲ್ಯಾಟೆಕ್ಸ್ ಆಗದವರಲ್ಲಿ ಹಲವರಿಗೆ ಕಿವಿ, ಅವಕಾಡೊ ಮಾತ್ರವಲ್ಲ, ನಮ್ಮ ಬಾಳೆಹಣ್ಣೂ ಆಗುವುದಿಲ್ಲ. ಶುಚಿಗೆಂದು ನಾವೇ ಹುಡುಗರಿಗೆ ಲ್ಯಾಟೆಕ್ಸ್ ಕೈಗವಸು ತೊಡಿಸಿ ಹಣ್ಣು ಹೆಚ್ಚಿಸುತ್ತಿದ್ದೆವು! ಈಗ ನೈಟ್ರೈಲ್ ತರಿಸುತ್ತೇವೆ.

ಕಾನೂನು ನೋಡಿಕೊಳ್ಳುತ್ತದೆ ಎಂದುಕೊಳ್ಳಬೇಡಿ. ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದ ಅಲರ್ಜಿ ಪಟ್ಟಿಯಲ್ಲಿ ಗೋಧಿಯಂಥ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ, ಶೇಂಗಾ, ಗೇರುಬೀಜ-ಬಾದಾಮಿ, ಸೋಯಾ, ಸಲ್ಫೈಟ್ ಇವೆ. ಕಿವಿ ಇಲ್ಲ.

ಈಗ ನಮ್ಮಲ್ಲಿ ಕಿವಿಗೆ ಬೇರೆಯೇ ಜಾರ್, ಚಾಕು, ಮಣೆ ಇವೆ. ಹಸಿರು ಟೇಪ್ ಸುತ್ತಿದ್ದೇವೆ. ಖರ್ಚು ದೊಡ್ಡದಲ್ಲ. ಕಷ್ಟವಾದದ್ದು ಹುಡುಗರಿಗೆ "ಇಲ್ಲ" ಎನ್ನಲು ಕಲಿಸುವುದು. ಗಿರಾಕಿ ಅಲರ್ಜಿ ಎಂದಾಗ ಖಾತ್ರಿಯಿಲ್ಲದಿದ್ದರೆ "ಇದು ನಿಮಗೆ ಬೇಡ ಸಾರ್" ಎನ್ನಬೇಕು, ಆ ಗ್ಲಾಸಿನ ದುಡ್ಡು ಹೋದರೂ ಬೈಯುವುದಿಲ್ಲ ಎಂದು ಹೇಳಿಟ್ಟಿದ್ದೇವೆ. ಆ ಗಿರಾಕಿ ಈಗಲೂ ಬರುತ್ತಾರೆ, ಮಗಳಿಗೆ ಚಹಾ ಮಾತ್ರ ಹೇಳುತ್ತಾರೆ.

ನಿಮ್ಮಲ್ಲಿ ಹೀಗಾದರೆ ಕೂಡಲೇ 108ಕ್ಕೆ ಫೋನ್ ಮಾಡಿಸಿ, ಅಲರ್ಜಿಯಿಂದ ಉಸಿರು ಕಟ್ಟುತ್ತಿದೆ ಎಂದೇ ಹೇಳಿ. ಮಲಗಿಸಿ ಕಾಲು ಎತ್ತರಿಸಿ. ಉಸಿರಾಟ ಕಷ್ಟವಾದರೆ ಕಾಲು ಚಾಚಿ ಕೂರಿಸಿ, ವಾಂತಿಯಾದರೆ ಮಗ್ಗುಲಿಗೆ ಹೊರಳಿಸಿ. ನಡೆಸಲೇಬೇಡಿ, ಕುಡಿಸಲೂ ಬೇಡಿ. ವೈದ್ಯರು ಬರೆದುಕೊಟ್ಟ ಅಡ್ರಿನಲಿನ್ ಅವರ ಬಳಿಯೇ ಇದ್ದರೆ ತಡಮಾಡದೆ ತೆಗೆದುಕೊಳ್ಳಲು ನೆರವಾಗಿ. ಮಾತ್ರೆ ಅದರ ಬದಲಿಗೆ ಆಗುವುದಿಲ್ಲ. ಸ್ವಲ್ಪ ಸುಧಾರಿಸಿದರೂ ಮನೆಗೆ ಕಳುಹಿಸಬೇಡಿ. ಕೆಲವು ಗಂಟೆಗಳ ನಂತರ ಎರಡನೇ ಸಲ ಏಳುವುದುಂಟು, ಆದ್ದರಿಂದ ಆಸ್ಪತ್ರೆಗೇ ಕಳುಹಿಸಿ, ಜೊತೆಗೆ ನಿಮ್ಮ ಒಬ್ಬ ಹುಡುಗನೂ ಹೋಗಲಿ, ಏನು ತಿಂದರೆಂದು ಡಾಕ್ಟರಿಗೆ ಹೇಳಲು.