ತುಳಿದದ್ದಕ್ಕೆ ಕಾಸು, ಕಾದದ್ದಕ್ಕೆ?

‘ಸೈಕಲ್ಲಿಗೇನು ಪೆಟ್ರೋಲ್ ಹಾಕಬೇಕಾ? ಬಂದದ್ದೆಲ್ಲ ನಿನ್ನದೇ.’ ಬೆಂಗಳೂರಿನಲ್ಲಿ ಹೋಟೆಲ್ ಊಟ ಮುಟ್ಟಿಸುವ ಕೆಲಸಕ್ಕೆ ಹುಡುಗರನ್ನು ಸೇರಿಸುವವರ ಬಾಯಲ್ಲಿ ಸದಾ ಇರುವ ಮಾತಿದು. ಮನೆಯಲ್ಲಿ ದೊಡ್ಡವರು ಅದಕ್ಕೊಂದು ಒಗ್ಗರಣೆ ಹಾಕುತ್ತಾರೆ: ‘ವ್ಯಾಯಾಮವೂ ಆಯ್ತು, ಕಾಸೂ ಆಯ್ತು.’ ಬೆನ್ನಿಗೆ ಚೌಕದ ಚೀಲ ಹೊತ್ತು ಆ ಕೆಲಸ ಮಾಡಿ ಬಿಟ್ಟವನು ನಾನು. ಹೊಸದಾಗಿ ಸೇರಬೇಕೆಂದಿರುವವರಿಗೆ ನಾನು ಹೇಳಬೇಕಾದದ್ದು ಒಂದೇ. ಸೈಕಲ್ಲು ಸ್ಕೂಟರಿಗೆ ರಸ್ತೆಯಲ್ಲಿ ಸೋಲುವುದಿಲ್ಲ. ಸೈಕಲ್‌ನವನ ದುಡ್ಡು ಸೋರಿಹೋಗುವುದು ಅವನು ನಿಂತಿರುವಾಗ: ಹೋಟೆಲಿನ ಪಾರ್ಸೆಲ್ ಕೌಂಟರಿನಲ್ಲಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ, ಲಿಫ್ಟಿನ ಮುಂದೆ. ಆ ಹೊತ್ತಿಗೆ ಕಾಸಿಲ್ಲ. ಎಲ್ಲೋ ಕೆಲವು ದರಪಟ್ಟಿಗಳಲ್ಲಿ ಕಾಯುವುದಕ್ಕೆಂದು ಏನಾದರೂ ಸೇರಿಸಿದ್ದರೂ ಅದು ಚಿಲ್ಲರೆ.

ಲೆಕ್ಕ ಹಾಕಿ ನೋಡೋಣ. ಟಾಮ್‌ಟಾಮ್ ಸಂಸ್ಥೆಯ 2022ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ ಕಾರೊಂದು 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ ಬೇಕಾಗಿತ್ತು. ಆ ಪಟ್ಟಿಯಲ್ಲಿ ನಮಗಿಂತ ನಿಧಾನವಾಗಿದ್ದದ್ದು ಲಂಡನ್ ಒಂದೇ. ಅಂದರೆ ನಮ್ಮಲ್ಲಿ ಕಾರಿನ ವೇಗ ಗಂಟೆಗೆ 20 ಕಿಲೋಮೀಟರಿನ ಆಸುಪಾಸು. ಸ್ಕೂಟರಿನವನು ಸಂದಿಯಲ್ಲಿ ನುಗ್ಗಿದರೂ ಅದಕ್ಕಿಂತ ಬಹಳ ಮೇಲೇನೂ ಹೋಗಲಾರ. ಗಲ್ಲಿ ಗೊತ್ತಿರುವ ಸೈಕಲ್‌ನವನಿಗೆ ಗಂಟೆಗೆ 13ಕ್ಕೆ ಮೋಸವಿಲ್ಲ. ಹೋಟೆಲಿಗೆ ಹೋಗಿ, ಮನೆಗೆ ಮುಟ್ಟಿಸಿ, ಮತ್ತೆ ಆರ್ಡರ್ ಬೀಳುವ ಜಾಗಕ್ಕೆ ಬರಲು ಒಟ್ಟು 6 ಕಿಲೋಮೀಟರ್, ಆರ್ಡರಿಗೆ 35 ರೂಪಾಯಿ ಅಂತಿಟ್ಟುಕೊಳ್ಳಿ. ಸ್ಕೂಟರಿಗೆ 18 ನಿಮಿಷ, ಸೈಕಲ್ಲಿಗೆ 28. ಲೀಟರಿಗೆ ನೂರು ದಾಟಿದ ಪೆಟ್ರೋಲಿನಲ್ಲಿ ಸ್ಕೂಟರಿನವನಿಗೆ ಸುಮಾರು 14 ರೂಪಾಯಿ ಹೊಗೆಯಾಗುತ್ತದೆ. ಕೈಗೆ ಉಳಿಯುವುದು 21. ಎಲ್ಲೂ ನಿಲ್ಲದೆ ಓಡಿದರೆ ಅವನಿಗೆ ಗಂಟೆಗೆ 70 ರೂಪಾಯಿ, ಸೈಕಲ್‌ನವನಿಗೆ 75. ಸ್ಕೂಟರಿನ ಸಾಲದ ಕಂತು, ವಿಮೆ, ಸರ್ವಿಸ್ ಇದರಲ್ಲಿ ಇನ್ನೂ ಸೇರಿಲ್ಲ. ಈಗ ಕೌಂಟರಿನಲ್ಲೂ ಗೇಟಿನಲ್ಲೂ ಕಾಯುವ 15 ನಿಮಿಷವನ್ನು ಇಬ್ಬರಿಗೂ ಸೇರಿಸಿ. ಸೈಕಲ್‌ನವನ 75 ರೂಪಾಯಿ 49ಕ್ಕೆ ಬಂದು ಕೂರುತ್ತದೆ. ಸ್ಕೂಟರಿನವನದು ಇನ್ನೂ ಕೆಳಗೆ, 38. ಇಬ್ಬರನ್ನೂ ತಿಂದದ್ದು ಕಾಯುವಿಕೆಯೇ, ಆದರೂ ದೂರು ಬರುವುದು ಮಾತ್ರ ‘ಸೈಕಲ್ ಸ್ಲೋ’ ಅಂತ.

ಹಾಗಾದರೆ ಸೈಕಲ್‌ನವನೇ ಮುಂದಿದ್ದಾನಲ್ಲ, ಗೋಳು ಯಾಕೆ ಅನ್ನಬಹುದು. ಕಾರಣ ಎರಡು. ಇನ್ಸೆಂಟಿವ್ ಲೆಕ್ಕ ನಿಂತಿರುವುದು ಆರ್ಡರ್ ಸಂಖ್ಯೆಯ ಮೇಲೆ. ಮೇಲಿನ ಲೆಕ್ಕದಲ್ಲೇ ಆರು ಗಂಟೆ ದುಡಿದರೆ ಸ್ಕೂಟರಿಗೆ 11ರ ಹತ್ತಿರ, ಸೈಕಲ್ಲಿಗೆ 8. ಹತ್ತು ಆರ್ಡರಿಗೆ ಇನ್ನೂರು ಹೆಚ್ಚು ಎಂದು ಬಲೆ ಬೀಸಿದಾಗ ಸಿಗುವುದು ಯಾರಿಗೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಾಯುವುದೇ ಇಲ್ಲದಿದ್ದರೆ ಅದೇ ಆರು ಗಂಟೆಯಲ್ಲಿ ಸೈಕಲ್ಲು 12 ದಾಟುತ್ತಿತ್ತು. ಎರಡನೆಯದು ಕಾಲು. ಸ್ಕೂಟರಿನವನು ಕಡಿಮೆಯಾದದ್ದನ್ನು ರಾತ್ರಿ ಹನ್ನೆರಡರವರೆಗೆ ಎಳೆದು ಸರಿಮಾಡಿಕೊಳ್ಳುತ್ತಾನೆ. ಸೈಕಲ್‌ನವನ ತೊಡೆ ಅಷ್ಟು ಸಾಲ ಕೊಡುವುದಿಲ್ಲ. ಬೆಂಗಳೂರು ಕೆರೆ ಕಟ್ಟಿ ಬೆಳೆಸಿದ ಊರು. ಕೆರೆ ಇದೆ ಅಂದಮೇಲೆ ತಗ್ಗೂ ಇದೆ, ದಿಣ್ಣೆಯೂ ಇದೆ. ಹನುಮಂತನಗರ, ಗವಿಪುರದ ಏರುಗಳನ್ನು ಫೋನಿನ ಮ್ಯಾಪು ಬಯಲುಸೀಮೆಯಂತೆ ಚಪ್ಪಟೆಯಾಗಿ ಅಳೆಯುತ್ತದೆ. ಒಂದು ಕಿಲೋಮೀಟರ್ ಅಂದರೆ ಅದಕ್ಕೆ ಒಂದು ಕಿಲೋಮೀಟರ್, ಅಷ್ಟೆ. ದಿನಕ್ಕೆ ಇಷ್ಟೇ ಗಂಟೆ ಎಂದು ದೇಹ ಗೆರೆ ಎಳೆದಿರುವವನಿಗೆ ಕಾಯುವ ಒಂದೊಂದು ನಿಮಿಷವೂ ದುಬಾರಿ.

ಕಾಯುವುದು ಅಂದರೇನು ಎಂದು ಗೊತ್ತಾಗಬೇಕಾದರೆ ರಾತ್ರಿ ಎಂಟೂವರೆಗೆ ಯಾವುದಾದರೂ ಜನಜಂಗುಳಿಯ ಹೋಟೆಲಿನ ಪಾರ್ಸೆಲ್ ಕೌಂಟರಿನ ಪಕ್ಕ ನಿಂತು ನೋಡಬೇಕು. ಫೋನು ‘ಊಟ ರೆಡಿ’ ಅನ್ನುತ್ತಿರುತ್ತದೆ. ಒಳಗೆ ಕಾವಲಿಯ ಮೇಲೆ ಹಿಟ್ಟು ಬಿದ್ದಿರುವುದಿಲ್ಲ. ಇದರಲ್ಲಿ ಅಡುಗೆಯವರ ತಪ್ಪು ಕಮ್ಮಿ. ತಡವಾಗಿ ಒತ್ತಿದರೆ ಹೋಟೆಲಿನ ರೇಟಿಂಗ್ ಇಳಿದೀತೆಂದು ಕ್ಯಾಷಿಯರ್ ಆರ್ಡರ್ ಬಂದ ಕೂಡಲೇ ‘ರೆಡಿ’ ಒತ್ತಿಬಿಟ್ಟಿರುತ್ತಾರೆ. ಕೂತು ತಿನ್ನುವವರು ಎದುರಿಗಿರುತ್ತಾರೆ, ಕೂಗುತ್ತಾರೆ, ಮ್ಯಾನೇಜರನ್ನು ಕರೆಸುತ್ತಾರೆ. ಅವರ ಪ್ಲೇಟು ಮೊದಲು ಹೊರಡುತ್ತದೆ. ನಮ್ಮದು ಸ್ಟೀಲ್ ಕಟ್ಟೆಯ ಮೇಲೆ ಚುಚ್ಚಿಟ್ಟ ಚೀಟಿ. ಕುರ್ಚಿಯಲ್ಲಿ ಕೂರುವಂತಿಲ್ಲ, ಅದು ಗಿರಾಕಿಗೆ. ಬಾಗಿಲಲ್ಲಿ ನಿಲ್ಲುವಂತಿಲ್ಲ, ಅದು ದಾರಿ. ಕೊನೆಗೂ ಪಾರ್ಸೆಲ್ ಬಂದರೆ ಸಾಂಬಾರಿನ ಕವರನ್ನು ಮುಟ್ಟಿ ನೋಡಲೇಬೇಕು. ಕುದಿಯುವ ಸಾಂಬಾರನ್ನು ತೆಳು ಕವರಿಗೆ ತುಂಬಿ ಗಡಿಬಿಡಿಯಲ್ಲಿ ಬಾಯಿ ಕಟ್ಟಿದ್ದರೆ ಒಳಗಿನ ಹಬೆಗೆ ಅದು ಉಬ್ಬಿಕೊಂಡಿರುತ್ತದೆ. ಸ್ಕೂಟರಿನ ಕಾಲ ಬುಡದಲ್ಲಿಟ್ಟ ಚೀಲಕ್ಕೆ ಇದರಿಂದ ಭಯವಿಲ್ಲ. ಏರಿನಲ್ಲಿ ಪೆಡಲಿನ ಮೇಲೆ ಎದ್ದು ನಿಂತು ತುಳಿಯುವವನ ಬೆನ್ನು ಎಡಕ್ಕೂ ಬಲಕ್ಕೂ ವಾಲುತ್ತದೆ, ಸಡಿಲ ಗಂಟು ಅಲ್ಲೇ ಬಾಯಿ ಬಿಡುತ್ತದೆ. ಕಟ್ಟಿದವರಿಗೆ ಅದರ ಬಿಸಿ ತಟ್ಟುವುದಿಲ್ಲ. ಒಂದು ಸ್ಟಾರ್ ಕೊಡುವವರು ಕೊಡುವುದು ತಂದವನಿಗೆ.

ಇನ್ನು ಅಪಾರ್ಟ್‌ಮೆಂಟ್. ಗೇಟಿನ ಸೆಕ್ಯುರಿಟಿಯವರನ್ನು ಬೈದು ಪ್ರಯೋಜನವಿಲ್ಲ, ಅವರೂ ಹನ್ನೆರಡು ಗಂಟೆ ನಿಂತವರೇ. ನಿಯಮ ಬರೆಯುವವರು ಮಾಲೀಕರ ಸಂಘದ ಸಮಿತಿಯವರು. ಗೇಟಿನಲ್ಲಿ ಹೆಸರು, ನಂಬರು, ಫೋಟೊ. ಮನೆಯವರು ಒಪ್ಪಿಗೆ ಒತ್ತುವವರೆಗೆ ಕಾಯಬೇಕು. ಆಮೇಲೆ ಮುಖ್ಯ ಲಿಫ್ಟು ಖಾಲಿ ನಿಂತಿದ್ದರೂ ಹಿಂದಿನ ಸರ್ವಿಸ್ ಲಿಫ್ಟಿಗೆ ಸುತ್ತಿ ಹೋಗಬೇಕು. ಸೈಕಲ್‌ನವನಿಗೆ ಇದರ ಮೇಲೊಂದು ತಲೆನೋವು, ಬೀಗ. ಸ್ಕೂಟರಿನ ಹ್ಯಾಂಡಲ್ ತಿರುಗಿಸಿ ಲಾಕ್ ಮಾಡಿ ಹೋಗಬಹುದು. ಸೈಕಲ್ಲನ್ನು ಯಾವುದಾದರೂ ಕಂಬಕ್ಕೋ ಗ್ರಿಲ್ಲಿಗೋ ಸರಪಳಿ ಹಾಕಿ ಬಿಗಿಯಬೇಕು, ಇಲ್ಲದಿದ್ದರೆ ಎತ್ತಿಕೊಂಡು ಹೋಗುವವರಿಗೆ ಒಂದು ನಿಮಿಷ ಸಾಕು. ಕಾರಿಗೆ ಮೂರು ನೆಲಮಾಳಿಗೆ ತೋಡಿದ ಕಟ್ಟಡದ ಮುಂದೆ ಸೈಕಲ್ ಕಟ್ಟಲು ಒಂದು ಕಬ್ಬಿಣದ ಗೂಟ ಇರುವುದಿಲ್ಲ. ಗ್ರಿಲ್ಲಿಗೆ ಕಟ್ಟಿದರೆ ‘ಎಲಿವೇಶನ್ ಹಾಳಾಗುತ್ತೆ’ ಅಂತ ಸಮಿತಿಯವರ ತಕರಾರು ಬೇರೆ.

ಕಾಯುವಾಗ ಕಾಲಿಗೆ ವಿಶ್ರಾಂತಿ ಸಿಗುವುದಿಲ್ಲವೇ, ಅದಕ್ಕೂ ಕೂಲಿ ಯಾಕೆ ಎಂದು ಕೇಳುವವರಿದ್ದಾರೆ. ತುಳಿದು ಬಿಸಿಯಾದ ಮೈ ಕೂರಲು ಜಾಗವಿಲ್ಲದೆ ಹತ್ತು ನಿಮಿಷ ನಿಂತರೆ ಬೆವರು ಆರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಮತ್ತೆ ಶುರುಮಾಡುವುದು ಮೊದಲಿಗಿಂತ ಕಷ್ಟ. ಕಣ್ಣು ಕೌಂಟರಿನ ಮೇಲೆ, ಕಿವಿ ಆರ್ಡರ್ ನಂಬರಿನ ಮೇಲೆ ಇಟ್ಟುಕೊಂಡಿರುವುದು ವಿಶ್ರಾಂತಿಯಲ್ಲ, ಅದು ಹೋಟೆಲಿಗೂ ಕಂಪನಿಗೂ ಪುಕ್ಕಟೆಯಾಗಿ ಸಿಕ್ಕ ದುಡಿಮೆ. ಕೌಂಟರಿನಲ್ಲಿ ಇನ್ನೊಬ್ಬ ಸಂಬಳದ ಹುಡುಗನನ್ನು ಇಟ್ಟರೆ ಪಾರ್ಸೆಲ್ ಬೇಗ ಹೊರಡುತ್ತದೆಂದು ಹೋಟೆಲಿನವರಿಗೆ ಗೊತ್ತು. ನಮ್ಮ ಸಮಯ ಬಿಟ್ಟಿಯಾಗಿರುವವರೆಗೆ ಅವರೇಕೆ ಇಡುತ್ತಾರೆ?

ಹೀಗೆ ಕಾಯುವುದನ್ನು ಅಳೆಯುವುದಾದರೂ ಹೇಗೆ, ಎಲ್ಲರೂ ಲಾಗಿನ್ ಆಗಿ ಮರದ ನೆರಳಲ್ಲಿ ಮಲಗಿಬಿಡುತ್ತಾರಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಆದರೆ ಅಳತೆ ಆಗಲೇ ನಡೆದಿದೆ. ಹೋಟೆಲ್ ತಲುಪಿದಾಗ ಒಂದು ಬಟನ್, ಪಾರ್ಸೆಲ್ ಎತ್ತಿದಾಗ ಒಂದು, ಮನೆ ತಲುಪಿದಾಗ ಒಂದು, ಕೊಟ್ಟಾಗ ಒಂದು ಒತ್ತಿಸಿಕೊಳ್ಳುವ ಕಂಪನಿಗೆ ಯಾವ ನಿಮಿಷ ಎಲ್ಲಿ ಕಳೆಯಿತೆಂದು ತಿಳಿಯದೇ? ನಾವು ತಡಮಾಡಿದಾಗ ಅದೇ ಗಡಿಯಾರ ನಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ. ನ್ಯೂಯಾರ್ಕ್ ನಗರ 2023ರ ಡಿಸೆಂಬರಿನಲ್ಲಿ ಊಟ ಮುಟ್ಟಿಸುವವರಿಗೆ ಗಂಟೆಗೆ 17.96 ಡಾಲರ್ ಕನಿಷ್ಠ ದರ ಜಾರಿಗೆ ತಂದಾಗ ಆರ್ಡರ್ ಹಿಡಿದು ಓಡುವ ಹೊತ್ತಿನ ಜೊತೆಗೆ ಆರ್ಡರಿಗಾಗಿ ಕಾಯುವ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಕಂಪನಿಗಳು ಕೋರ್ಟಿಗೆ ಹೋಗಿ ಕೆಲವು ತಿಂಗಳು ತಡೆದವು, ಕೊನೆಗೆ ಕೊಡಬೇಕಾಯಿತು. ಅಲ್ಲಿ ಬಹುಪಾಲು ಮಂದಿ ಓಡಿಸುವುದು ವಿದ್ಯುತ್ ಸೈಕಲ್ಲು, ಅಲ್ಲಿನ ಡಾಲರಿಗೂ ಇಲ್ಲಿನ ರೂಪಾಯಿಗೂ ಹೋಲಿಕೆ ಸಲ್ಲದು. ಆದರೆ ಕಾಯುವ ಸಮಯಕ್ಕೆ ಬೆಲೆ ಕಟ್ಟಲಾಗದು ಎನ್ನುವ ಮಾತಿಗೆ ಅಲ್ಲಿಗೇ ಆಧಾರ ತಪ್ಪಿತು.

ನ್ಯೂಯಾರ್ಕಿನ ಕಥೆಯನ್ನು ಪೂರ್ತಿ ಹೇಳಬೇಕು, ಅರ್ಧ ಹೇಳಿ ಗೆಲ್ಲುವುದು ಸರಿಯಲ್ಲ. ಅಲ್ಲಿ ಕಂಪನಿಗಳು ಗಿರಾಕಿಗಳ ಮೇಲೆ ಹೊಸ ಶುಲ್ಕ ಹೇರಿದವು. ಟಿಪ್ಸ್ ಕೇಳುವ ಪರದೆಯನ್ನು ದುಡ್ಡು ಕಟ್ಟಿದ ನಂತರಕ್ಕೆ ತಳ್ಳಿದವು, ಟಿಪ್ಸ್ ಇಳಿಯಿತು. ಕೆಲಸಗಾರರು ಬೇಕೆಂದಾಗ ಲಾಗಿನ್ ಆಗದಂತೆ ತಡೆಯನ್ನೂ ಹಾಕಿದವು. ‘ನೋಡಿ, ಕಾಯುವುದಕ್ಕೆ ಕಾಸು ಕೇಳಿದರೆ ಹೀಗಾಗುತ್ತದೆ’ ಎಂದು ಇಲ್ಲಿಯವರು ಇದನ್ನೇ ಎತ್ತಿ ಆಡುತ್ತಾರೆ. ನನಗೆ ಅದು ತಿರುಗುಮುರುಗಾಗಿ ಕಾಣುತ್ತದೆ. ಕಾಯುವುದಕ್ಕೆ ಬೆಲೆ ಬಂದ ಕೂಡಲೇ ಅಗತ್ಯಕ್ಕಿಂತ ಹೆಚ್ಚು ಜನರನ್ನು ಲಾಗಿನ್ ಮಾಡಿಸಿ ನಿಲ್ಲಿಸಿಕೊಳ್ಳುವುದನ್ನು ಕಂಪನಿಗಳು ಬಿಟ್ಟವು. ಇಷ್ಟು ದಿನ ಅಷ್ಟು ಜನರನ್ನು ರಸ್ತೆಬದಿ ನಿಲ್ಲಿಸಿದ್ದದ್ದು ಅದಕ್ಕೆ ಖರ್ಚಿಲ್ಲವೆಂದೇ ಅಲ್ಲವೇ? ಜರ್ಮನಿಯ ಕಾರ್ಮಿಕ ಸರ್ವೋಚ್ಚ ನ್ಯಾಯಾಲಯ 2021ರ ನವೆಂಬರ್ 10ರಂದು ಇನ್ನೊಂದು ಪುಕ್ಕಟೆಯ ಬಾಬತ್ತನ್ನು ನಿಲ್ಲಿಸಿತು. ನೌಕರಿಗೆ ಇಟ್ಟುಕೊಂಡ ಊಟದ ಹುಡುಗನಿಗೆ ಸುಸ್ಥಿತಿಯ ಸೈಕಲ್ಲನ್ನೂ ಸೂಕ್ತವಾದ ಫೋನನ್ನೂ ಕಂಪನಿಯೇ ಕೊಡಬೇಕು, ಇಲ್ಲವಾದರೆ ತಕ್ಕ ಪರಿಹಾರ ಕೊಡಬೇಕು ಎಂದಿತು. ಆ ಪ್ರಕರಣದಲ್ಲಿ ಕಂಪನಿ ಕೊಡುತ್ತಿದ್ದದ್ದು ಗಂಟೆಗೆ 25 ಸೆಂಟಿನ ರಿಪೇರಿ ಜಮೆ, ಅದೂ ಕಂಪನಿ ಹೇಳಿದ ಅಂಗಡಿಯಲ್ಲಿ ಮಾತ್ರ. ನಮ್ಮಲ್ಲಿ ಟ್ಯೂಬು, ಬ್ರೇಕ್ ಶೂ, ಫ್ರೀವೀಲು ಯಾರ ಖರ್ಚೆಂಬ ಪ್ರಶ್ನೆಯನ್ನೇ ಯಾರೂ ಎತ್ತುವುದಿಲ್ಲ, ಏಕೆಂದರೆ ನಾವು ನೌಕರರಲ್ಲ, ‘ಪಾರ್ಟ್‌ನರ್’ಗಳು.

ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆಯನ್ನು ತಾತ್ಸಾರ ಮಾಡುವವನಲ್ಲ ನಾನು. ಕಲ್ಯಾಣ ಮಂಡಳಿ ಬಂತು, ನೋಂದಣಿ ಬಂತು. ಹೇಳದೆ ಕೇಳದೆ ಐಡಿ ಬ್ಲಾಕ್ ಮಾಡುವುದಕ್ಕೆ ಬದಲು 14 ದಿನಗಳ ನೋಟಿಸು ಮತ್ತು ಕಾರಣ ಕೊಡಬೇಕೆಂಬ ನಿಯಮ ಬಂತು. ಆದರೆ ಕಂಪನಿ ಕೊಡಬೇಕಾದ ಕಲ್ಯಾಣ ಶುಲ್ಕವನ್ನು ಕಟ್ಟಿಹಾಕಿರುವುದು ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಸಂದ ಹಣದ ಶೇ. 1ರಿಂದ 5ರವರೆಗಿನ ಪಾಲಿಗೆ. ವಹಿವಾಟು ಇಲ್ಲದ ನಿಮಿಷಕ್ಕೆ ಕೂಲಿಯೂ ಇಲ್ಲ, ಶುಲ್ಕವೂ ಇಲ್ಲ. ಹೆಚ್ಚು ಕಾಯಿಸಿದಷ್ಟೂ ಕಂಪನಿ ಕಟ್ಟುವುದು ಕಡಿಮೆಯೇ. ತಂತ್ರಾಂಶ ಹೇಗೆ ಕೆಲಸ ಹಂಚುತ್ತದೆ, ಹೇಗೆ ನಿಗಾ ಇಡುತ್ತದೆ ಎಂದು ಕೆಲಸಗಾರನಿಗೆ ತಿಳಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಅದೇ ದಾರಿ ಹಿಡಿದು ವಾರದ ಲೆಕ್ಕದ ಚೀಟಿಯಲ್ಲಿ ಓಡಿದ ನಿಮಿಷ, ಕೌಂಟರಿನಲ್ಲಿ ನಿಂತ ನಿಮಿಷ, ಗೇಟಿನಲ್ಲಿ ನಿಂತ ನಿಮಿಷ ಬೇರೆಬೇರೆಯಾಗಿ ಬರಬೇಕೆಂದು ಮಂಡಳಿ ಹೇಳಬಹುದು. ದರ ಎಷ್ಟೆಂಬ ಜಗಳ ಆಮೇಲೆ ಆಡೋಣ.

ಬಾಡಿಗೆಯ ವಿದ್ಯುತ್ ಸೈಕಲ್ಲು ಬಂದಿದೆಯಲ್ಲ, ತುಳಿಯುವ ಕರ್ಮ ಯಾಕೆ ಎಂದು ಕೇಳುವವರಿಗೂ ಉತ್ತರ ಇಲ್ಲೇ ಇದೆ. ಗಂಟೆಗೆ 25 ಕಿಲೋಮೀಟರ್ ಮೀರದ, 250 ವಾಟಿನ ಒಳಗಿನ ಗಾಡಿಗೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಏರಿಗೆ ಅದು ವರವೇ. ಆದರೆ ನಿಂತರೂ ಅದರ ಬಾಡಿಗೆ ಓಡುತ್ತಿರುತ್ತದೆ. ಸ್ವಂತ ಸೈಕಲ್ಲು ಕಾಯುವಾಗ ಬಾಡಿಗೆಯನ್ನಂತೂ ಕೇಳುವುದಿಲ್ಲ.

ಇಷ್ಟರ ಮೇಲೂ ಸೇರುವುದಾದರೆ ಕೆಲವು ಮಾತು. ದರ್ಶಿನಿಗಳು ಒತ್ತಾಗಿರುವ ಕಡೆ ನಿಲ್ಲಿ. ಅಲ್ಲಿ ಇಡ್ಲಿ ವಡೆ ಆಗಲೇ ಬೆಂದಿರುತ್ತವೆ, ಬಿರಿಯಾನಿ ಮನೆಯಲ್ಲಿ ದಮ್ ಬಿಚ್ಚುವವರೆಗೆ ಕಾಯಬೇಕು. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆ, ರಾತ್ರಿ ಎಂಟರಿಂದ ಹತ್ತು ಬಿಟ್ಟು ಉಳಿದ ಹೊತ್ತು ಲಾಗಿನ್ ಆಗಿ ಕೂರಬೇಡಿ. ಮೂರು ಕಿಲೋಮೀಟರಿನಾಚೆಯ ಆರ್ಡರ್ ಬಿಟ್ಟುಬಿಡಿ, ಬಿಟ್ಟದ್ದಕ್ಕೆ ಫೋನು ಮುನಿಸಿಕೊಂಡರೂ ಸರಿ. ಚೀಲದ ತಳಕ್ಕೆ ಹಳೆಯ ಬಟ್ಟೆ ತುರುಕಿ ಸಾಂಬಾರಿನ ಕವರು ಅಲುಗಾಡದ ಹಾಗೆ ಮಾಡಿಕೊಳ್ಳಿ. ಹೋಟೆಲ್ ತಲುಪಿದ ಗಂಟೆ, ಪಾರ್ಸೆಲ್ ಕೈಗೆ ಬಂದ ಗಂಟೆ ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಡವಾಯಿತೆಂದು ಕಂಪನಿಯವರು ಫೋನು ಮಾಡಿ ಕೇಳಿದಾಗ ಓದಿ ಹೇಳಲಿಕ್ಕೆ ನಿಮ್ಮ ಕೈಯಲ್ಲಿ ಇರುವುದು ಅದೊಂದೇ.