ಎಲೆಯಿಂದ ಗಜನಿಂಬೆ ಸಸಿ: ಕಣ್ಣು ಬಿಟ್ಟರೆ ಕೆಟ್ಟಿತು

ಸಕಲೇಶಪುರ, ಆಲೂರು ಕಡೆಯ ತೋಟದ ಮನೆಗಳ ಹಿತ್ತಲಲ್ಲಿ ಗಜನಿಂಬೆಯೋ ಹೇರಳೆಯೋ ಒಂದು ಇದ್ದೇ ಇರುತ್ತದೆ. ಮರ ಮುದಿಯಾಗುವ ಮುನ್ನ ಅದರದೇ ಸಸಿ ಮಾಡಿಕೊಳ್ಳಲು ನರ್ಸರಿಗೆ ಅಲೆಯಬೇಕಿಲ್ಲ, ಎಲೆಯಿಂದಲೇ ಮಾಡಬಹುದು. ಆದರೆ ಬರೀ ಎಲೆ ಸಾಲದು. ಕಿತ್ತ ಎಲೆಯ ತೊಟ್ಟನ್ನು ಮರಳಿಗೆ ಚುಚ್ಚಿದರೆ ಬೇರು ಬಂದೀತು, ತಿಂಗಳುಗಟ್ಟಲೆ ಹಸಿರಾಗಿಯೂ ನಿಂತೀತು. ಚಿಗುರು ಮಾತ್ರ ಒಡೆಯದು. ಚಿಗುರಬೇಕಾದದ್ದು ತೊಟ್ಟಿನ ಬುಡದಲ್ಲಿ ಸಾಸಿವೆಯಷ್ಟೇ ಇರುವ ಕಣ್ಣು. ಅದನ್ನೂ ಅದು ಕೂತ ಕಾಂಡದ ಚೂರನ್ನೂ ಸೇರಿಸಿ ಕತ್ತರಿಸಬೇಕು. ರೊಬಸ್ಟಾ ಕಾಫಿಯ ಗಿಣ್ಣಿನ ತುಂಡು ನೆಟ್ಟು ಸಸಿ ಮಾಡಿದವರಿಗೆ ಇದೇನೂ ಹೊಸದಲ್ಲ.

ಪುಷ್ಯ, ಆಶ್ಲೇಷ ಮಳೆಯ ಹೊಯ್ಲಿನಲ್ಲಿ ಕೈಹಾಕಬೇಡಿ, ಎಲ್ಲ ಕೊಳೆಯುತ್ತದೆ. ಡಿಸೆಂಬರಿನ ಚಳಿಯಲ್ಲಿ ಬೇರು ಏಳುವುದಿಲ್ಲ. ಮೇ ತಿಂಗಳು, ಇಲ್ಲವೇ ಹಸ್ತಾ ಮಳೆಯ ಹೊತ್ತು ಒಳ್ಳೆಯದು.

ಎಳೆ ಚಿಗುರು ಬೇಡ, ತೊಗಟೆ ಬೂದಿಗಟ್ಟಿದ ಹಳೇ ರೆಂಬೆಯೂ ಬೇಡ. ಹಸಿರಾಗಿಯೇ ಇದ್ದು, ಪಟ್ಟೆ ಹೋಗಿ ದುಂಡಗಾದ ಕಡ್ಡಿ ಆರಿಸಿ. ಬೆಳಿಗ್ಗೆ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿನಿಂದ ಕಣ್ಣಿನ ಮೇಲೆ ಅರ್ಧ ಸೆಂ.ಮೀ., ಕೆಳಗೆ 2 ಸೆಂ.ಮೀ. ಬಿಟ್ಟು ತುಂಡು ಮಾಡಿ. ಕೆಳಗಿನ ಕಚ್ಚು ಓರೆಯಾಗಿರಲಿ. ಎಲೆ ತೀರಾ ದೊಡ್ಡದಿದ್ದರೆ ಅರ್ಧ ಕತ್ತರಿಸಬಹುದು, ಪೂರ್ತಿ ತೆಗೆದರೆ ಬೇರಿಗೆ ಊಟ ಹಾಕುವವರಿರುವುದಿಲ್ಲ. ಗೊಬ್ಬರದಂಗಡಿಯಲ್ಲಿ ಬೇರು ಬರಿಸುವ ಐಬಿಎ ಪುಡಿ ಸಿಕ್ಕರೆ ಕೆಳತುದಿಗೆ ಸೋಕಿಸಿ.

ದಪ್ಪ ಮರಳು, ತೊಳೆದ ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿ ತೂತಿರುವ ಕುಂಡಕ್ಕೆ ತುಂಬಿ. ಗೊಬ್ಬರ ಈಗ ಬೇಡವೇ ಬೇಡ. ಕಣ್ಣು ಮಣ್ಣಿನ ಮಟ್ಟಕ್ಕೆ ಬರುವಂತೆ ತುಂಡನ್ನು ಊರಿ, ನೀರು ಚಿಮುಕಿಸಿ, ತಳ ಕತ್ತರಿಸಿದ ನೀರಿನ ಬಾಟಲಿಯನ್ನು ಮೇಲೆ ಕವುಚಿ. ಸೂರಿನ ನೀರು ಎರಚದ ಜಗಲಿಯಲ್ಲಿ, ನೇರ ಬಿಸಿಲು ಬೀಳದ ಕಡೆ ಇಡಿ. ಬಾಟಲಿಯ ಒಳಗೆ ಹನಿ ಕಟ್ಟಿರುವಷ್ಟು ದಿನ ನೀರು ಕೇಳುವುದಿಲ್ಲ. ಉದುರಿದ ಎಲೆಯನ್ನು ಕೂಡಲೇ ಆರಿಸಿ ಹಾಕಿ, ಬೂಷ್ಟು ಅಲ್ಲಿಂದಲೇ ಹತ್ತುವುದು.

ಮೊದಲು ಕಚ್ಚಿನ ಅಂಚಿಗೆ ಬಿಳಿಯ ಗಂಟು ಕಟ್ಟುತ್ತದೆ, ಅದರ ಬದಿಯಿಂದ ಬೇರು ಇಳಿಯುತ್ತದೆ. ಕಿತ್ತು ನೋಡುವ ಚಪಲ ಎಲ್ಲರಿಗೂ ಉಂಟು, ತಡೆದುಕೊಳ್ಳಿ. ಆರೇಳು ವಾರದ ಮೇಲೆ ಎಲೆಯನ್ನು ಮೆಲ್ಲಗೆ ಎಳೆದಾಗ ಬಿಗಿ ಹಿಡಿದರೆ ಬೇರು ಬಂತೆಂದೇ ಲೆಕ್ಕ. ವಾರವಿಡೀ ಬಾಟಲಿಯ ಮುಚ್ಚಳ ತೆಗೆದಿಟ್ಟು ಗಾಳಿಗೆ ಒಗ್ಗಿಸಿ, ಕಾಫಿ ಸಸಿಗೆ ಬಳಸುವ ಮಣ್ಣೇ ತುಂಬಿದ ಪಾಲಿಥೀನ್ ಚೀಲಕ್ಕೆ ದಾಟಿಸಿ: ಕಾಡುಮಣ್ಣು 6, ಕಳಿತ ಕೊಟ್ಟಿಗೆ ಗೊಬ್ಬರ 2, ಮರಳು 1 ಪಾಲು.

ಕಿತ್ತಳೆಗೆ ಈ ದಾರಿ ಹಿಡಿಯಬೇಡಿ. ಕಾಫಿಯ ನಡುವಿನ ಕೊಡಗಿನ ಕಿತ್ತಳೆ ತುಂಡಿನಿಂದ ಸುಲಭಕ್ಕೆ ಬೇರು ಬಿಡದು. ಅದರ ಒಂದು ಬೀಜದಿಂದ ಹಲವು ಮೊಳಕೆ ಏಳುತ್ತವೆ, ಹೆಚ್ಚಿನವು ತಾಯಿಯನ್ನೇ ಹೋಲುತ್ತವೆ. ಬೀಜ ಒಣಗುವ ಮುನ್ನ ಬಿತ್ತಬೇಕು, ಇಲ್ಲವೇ ರಂಗಪುರ ನಿಂಬೆಯ ಮೇಲೆ ಕಣ್ಣು ಕಸಿ ಮಾಡಿಸಬೇಕು. ಯಾವ ಜಾತಿಯೇ ಇರಲಿ, ಎಲೆ ಮಚ್ಚೆಮಚ್ಚೆಯಾಗಿ ಹಳದಿಯಾದ, ತುದಿಯಿಂದ ಒಣಗುವ ಮರದಿಂದ ತುಂಡು ತೆಗೆಯಬೇಡಿ. ಗ್ರೀನಿಂಗ್, ಟ್ರಿಸ್ಟೆಜಾ ರೋಗಗಳು ತುಂಡಿನ ಜೊತೆಗೇ ಬರುತ್ತವೆ.

ಸ್ವಂತ ಬೇರಿನ ಗಜನಿಂಬೆಗೆ ನೀರು ನಿಂತರೆ ಬುಡ ಕೊಳೆತು ಅಂಟು ಸೋರುತ್ತದೆ. ಮುಂದಿನ ಮುಂಗಾರಿನ ಆರಂಭದಲ್ಲಿ ಇಳಿಜಾರಿನಲ್ಲೇ ನೆಡಿ, ಬುಡಕ್ಕೆ ಪಾತಿ ಮಾಡದೆ ದಿಬ್ಬ ಏರಿಸಿ.