ಹಳೆಯ ಬೈಸಿಕಲ್ಲು, ಹೊಸ ಬೈಸಿಕಲ್ಲು

ಯಂತ್ರಗಳು ನಮಗೆ ಎಷ್ಟೇ ಉಪಕಾರ ಮಾಡಲಿ, ನಾವು ಅಕ್ಕರೆಯಿಂದ ಮೈ ಸವರುವ ಯಂತ್ರಗಳು ಬಹಳ ಇಲ್ಲ. ಹಿಟ್ಟಿನ ಗಿರಣಿಯ ಮೇಲೆ ಯಾರಿಗೂ ಮೋಹವಿಲ್ಲ. ನೀರೆತ್ತುವ ಪಂಪು ಕೆಟ್ಟಾಗ ಬೈಸಿಕೊಳ್ಳುತ್ತದೆ, ಸರಿಯಿದ್ದಾಗ ಮರೆತುಹೋಗುತ್ತದೆ. ಬೈಸಿಕಲ್ಲಿನ ಮಾತು ಹಾಗಲ್ಲ. ಆಯುಧಪೂಜೆಯ ದಿನ ಅದನ್ನು ತೊಳೆದು, ಹ್ಯಾಂಡಲ್ಲಿಗೆ ಹೂ ಸುತ್ತಿ, ಕುಂಕುಮವಿಟ್ಟು, ಗಾಲಿಯ ಕೆಳಗೆ ನಿಂಬೆಹಣ್ಣನ್ನಿಡುವ ಮನೆಗಳು ನಮ್ಮಲ್ಲಿ ಇಂದಿಗೂ ಇವೆ. ಅತ್ತ ಇಂಗ್ಲೆಂಡಿನಲ್ಲಿ ಹಳೆಯ ಬೈಸಿಕಲ್ಲುಗಳನ್ನು ಕೂಡಿಟ್ಟು ಕಾಪಾಡುವವರು 1955ರಲ್ಲಿಯೇ ಒಂದು ಸಂಘವನ್ನು ಕಟ್ಟಿಕೊಂಡರು. ಅದು ಇಂದು ವೆಟರನ್ ಸೈಕಲ್ ಕ್ಲಬ್ ಎಂಬ ಹೆಸರಿನಿಂದ ನಡೆಯುತ್ತಿದೆ.

ಬೈಸಿಕಲ್ ಪ್ರೇಮಿಗಳಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡಕ್ಕೆ ಹಳೆಯ ಉಕ್ಕಿನ ಗಾಡಿಯೇ ಗಾಡಿ, ಉಳಿದುದೆಲ್ಲ ಆಟಿಕೆ. ಇನ್ನೊಂದಕ್ಕೆ ಹೊಸ ಹಗುರವಾದ ಗಾಡಿಯೇ ಗಾಡಿ, ಉಳಿದುದೆಲ್ಲ ಗುಜರಿ. ಇವರ ವಾದದಲ್ಲಿ ಸತ್ಯವೆಷ್ಟು, ಇಬ್ಬರೂ ನಿಜವಾಗಿ ಪ್ರೀತಿಸುವುದು ಏನನ್ನು ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ಬೈಸಿಕಲ್ಲಿನ ಹುಟ್ಟನ್ನು ನೋಡೋಣ. 1817ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತನು ಎರಡು ಗಾಲಿಗಳನ್ನು ಒಂದರ ಹಿಂದೊಂದಾಗಿ ಮರದ ತೊಲೆಗೆ ಜೋಡಿಸಿ, ಅದರ ಮೇಲೆ ಕುಳಿತು, ಕಾಲಿನಿಂದ ನೆಲವನ್ನು ಒದೆಯುತ್ತ ಸಾಗಿದನು. ಅದಕ್ಕೆ ಪೆಡಲು ಇರಲಿಲ್ಲ. 1860ರ ದಶಕದಲ್ಲಿ ಪ್ಯಾರಿಸಿನಲ್ಲಿ ಮುಂದಿನ ಗಾಲಿಗೇ ಪೆಡಲು ಬಂದಿತು. ಆಗ ಒಂದು ತೊಡಕು ತಲೆದೋರಿತು. ಪೆಡಲು ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು ತಿರುಗುವುದು. ಹೆಚ್ಚು ದೂರ ಸಾಗಬೇಕಾದರೆ ಗಾಲಿಯನ್ನೇ ದೊಡ್ಡದು ಮಾಡಬೇಕು. 1870ರ ದಶಕದ ಬೈಸಿಕಲ್ಲುಗಳ ಮುಂಗಾಲಿ ಎದೆಯೆತ್ತರಕ್ಕೆ ಬೆಳೆದುದು ಅಂದಕ್ಕಾಗಿ ಅಲ್ಲ, ಈ ಲೆಕ್ಕಕ್ಕಾಗಿ. 54 ಅಂಗುಲ ವ್ಯಾಸದ ಗಾಲಿ ಒಂದು ಸುತ್ತಿಗೆ ಸುಮಾರು 4.3 ಮೀಟರು ಸಾಗುತ್ತದೆ. ಆದರೆ ದಾರಿಯಲ್ಲಿ ಕಲ್ಲೊಂದು ಅಡ್ಡ ಬಂದರೆ ಸವಾರನು ಅಷ್ಟೆತ್ತರದಿಂದ ತಲೆಕೆಳಗಾಗಿ ಬೀಳುವ ಭಯವಿತ್ತು.

1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿಯು ರೋವರ್ ಎಂಬ ಬೈಸಿಕಲ್ಲನ್ನು ಹೊರತಂದನು. ಅದರಲ್ಲಿ ಪೆಡಲು ನಡುವೆ, ಹಿಂದಿನ ಗಾಲಿಗೆ ಸರಪಳಿ. ಈ ಸರಪಳಿಯೇ ತೊಡಕನ್ನು ಬಿಡಿಸಿತು. ಮುಂದಿನ ಹಲ್ಲುಚಕ್ರಕ್ಕೆ 48 ಹಲ್ಲು, ಹಿಂದಿನದಕ್ಕೆ 18 ಹಲ್ಲು ಇದ್ದರೆ, ಪೆಡಲಿನ ಒಂದು ಸುತ್ತಿಗೆ ಗಾಲಿ ಎರಡೂಮುಕ್ಕಾಲಿಗೆ ಸ್ವಲ್ಪ ಕಡಿಮೆ ಸುತ್ತು ತಿರುಗುತ್ತದೆ. ಗಾಲಿ ಬರಿಯ 28 ಅಂಗುಲದ್ದಾದರೂ ಗಾಡಿ ಸುಮಾರು 6 ಮೀಟರು ಸಾಗುತ್ತದೆ. ಸವಾರನ ಕಾಲಿಗೆ ನೆಲವೂ ಎಟಕುತ್ತದೆ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್‌ನು ತನ್ನ ಮಗನ ಮೂರುಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ಟೈರನ್ನು ತೊಡಿಸಿದನು. ಅಲ್ಲಿಂದೀಚೆಗೆ ಬೈಸಿಕಲ್ಲಿನ ಮೂಲರೂಪ ಬಹಳ ಬದಲಾಗಿಲ್ಲ. ಹಳೆಯದು ಹೊಸದೆಂದು ಜಗಳವಾಡುವವರ ಗಾಡಿಗಳೆರಡೂ ಒಂದೇ ತಾಯಿಯ ಮಕ್ಕಳು.

ನಮ್ಮ ನಾಡಿನಲ್ಲಿ ಹಳೆಯ ಗಾಡಿಯೆಂದರೆ ಕಪ್ಪು ಬಣ್ಣದ ರೋಡ್‌ಸ್ಟರು. ಮೊದಲು ನಾಟಿಂಗ್‌ಹ್ಯಾಮಿನ ರ್‍ಯಾಲಿ, ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ., ಹರ್ಕ್ಯುಲಿಸ್ ಮುಂತಾದವು ಹಡಗಿನಲ್ಲಿ ಬರುತ್ತಿದ್ದವು. ಸ್ವಾತಂತ್ರ್ಯಾನಂತರ ಮದರಾಸಿನ ಬಳಿಯ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್, ಆಸನ್‌ಸೋಲಿನಲ್ಲಿ ಸೇನ್-ರ್‍ಯಾಲಿ, 1951ರಲ್ಲಿ ಸೋನಿಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ, ಹೀಗೆ ಕಾರ್ಖಾನೆಗಳು ಎದ್ದವು. ಈ ಗಾಡಿಯ ತೂಕ ಸುಮಾರು 20 ಕಿಲೋ. ಇದನ್ನು ಕಟ್ಟಿದವರು ಹಗುರ ಮಾಡಲು ಅರಿಯದವರಲ್ಲ. ಹಳ್ಳಕೊಳ್ಳದ ದಾರಿ, ಹಿಂದೆ ಒಂದು ಮೂಟೆ, ಮುಂದಿನ ಅಡ್ಡಕೊಳವೆಯ ಮೇಲೆ ಒಂದು ಮಗು, ಇಷ್ಟನ್ನು ಹೊರುವುದಕ್ಕೆಂದೇ ಅದರ ಕೊಳವೆಗಳು ದಪ್ಪ, ಮೈ ಉದ್ದ, ಮುಂದಿನ ಕವಲು ಹೆಚ್ಚು ಓರೆ. ಆ ಓರೆಯು ಕುಲುಕನ್ನು ಅಷ್ಟಿಷ್ಟು ತಾನೇ ನುಂಗಿಕೊಳ್ಳುತ್ತದೆ. ಬ್ರೇಕಿಗೆ ತಂತಿಯಿಲ್ಲ, ಉಕ್ಕಿನ ಸರಳು. ಅದು ಸುಲಭವಾಗಿ ಹರಿಯದು. ತೊಗಲಿನ ಸೀಟು ಮೊದಲು ಕಲ್ಲಿನಂತಿದ್ದು, ತಿಂಗಳುಗಳು ಕಳೆದಂತೆ ಸವಾರನ ಮೈಗೆ ತಕ್ಕಂತೆ ತಗ್ಗುತ್ತದೆ. 1866ರಲ್ಲಿ ಆರಂಭವಾದ ಬ್ರೂಕ್ಸ್ ಕಂಪನಿಯ ತೊಗಲಿನ ಸೀಟನ್ನು ಹಳೆಯ ಗಾಡಿಯವರು ಇಂದಿಗೂ ಹುಡುಕಿಕೊಂಡು ಹೋಗುವುದು ಇದಕ್ಕಾಗಿಯೇ. ಒಬ್ಬನಿಗೆ ಪಳಗಿದ ಸೀಟು ಇನ್ನೊಬ್ಬನಿಗೆ ಒಗ್ಗದು.

ಹಳೆಯದರ ಮೇಲಿನ ಪ್ರೀತಿ ಕೇವಲ ಗತಕಾಲದ ಹಂಬಲವೆಂದು ತಳ್ಳಿಹಾಕುವಂತಿಲ್ಲ. ಇಟಲಿಯ ಟಸ್ಕನಿಯಲ್ಲಿ 1997ರಲ್ಲಿ ಲೆರೋಯಿಕಾ ಎಂಬ ಸವಾರಿ ಆರಂಭವಾಯಿತು. ಅಲ್ಲಿಗೆ 1987ಕ್ಕಿಂತ ಹಿಂದೆ ತಯಾರಾದ ರಸ್ತೆ ಬೈಸಿಕಲ್ಲುಗಳನ್ನು, ಇಲ್ಲವೆ ಅದೇ ಮಾದರಿಯವನ್ನು ತರಬೇಕೆಂಬ ನಿಯಮವಿದೆ. ಗೇರು ಬದಲಿಸುವ ಸನ್ನೆ ಗಾಡಿಯ ಓರೆಕೊಳವೆಯ ಮೇಲಿರಬೇಕು. ಆ ಪ್ರಾಂತದ ಬಿಳಿಯ ಮಣ್ಣುರಸ್ತೆಗಳು ಡಾಂಬರಿನಡಿ ಮುಚ್ಚಿಹೋಗಬಾರದೆಂಬುದು ಈ ಸವಾರಿಯ ಉದ್ದೇಶಗಳಲ್ಲೊಂದು. ಹಳೆಯ ಗಾಡಿಯನ್ನು ಉಳಿಸಹೊರಟವರು ಅದು ಓಡಿದ ದಾರಿಯನ್ನೂ ಉಳಿಸಿದರು.

ಇನ್ನು ಹೊಸ ಗಾಡಿಯವರ ಮಾತು. ಅವರ ಮೊದಲ ಹೆಮ್ಮೆ ಗೇರು. ಹಿಂದಿನ ಹಲ್ಲುಚಕ್ರದಲ್ಲಿಯೂ ಮುಂದಿನಷ್ಟೇ ಹಲ್ಲುಗಳಿರುವಂತೆ ಸರಪಳಿಯನ್ನು ಬದಲಿಸಿದರೆ, ಒಂದು ಸುತ್ತಿಗೆ ಗಾಡಿ ಸುಮಾರು 2 ಮೀಟರು ಮಾತ್ರ ಸಾಗುತ್ತದೆ. ದೂರ ಕಡಿಮೆಯಾದಷ್ಟೂ ಕಾಲಿಗೆ ಭಾರ ಕಡಿಮೆ. ರೋಡ್‌ಸ್ಟರಿನವನು ಇಳಿದು ತಳ್ಳುವ ಏರನ್ನು ಇವನು ಕುಳಿತೇ ಹತ್ತುತ್ತಾನೆ. ಬೆಂಗಳೂರಿನ ಸವಾರರು ಬೆಳಗಿನ ಜಾವದಲ್ಲಿ ನಂದಿಬೆಟ್ಟ ಹತ್ತುವುದು ಈ ಗೇರಿನ ಬಲದಿಂದ. ಎರಡನೆಯ ಹೆಮ್ಮೆ ತೂಕ. ಇಂಗಾಲದ ಎಳೆಗಳಿಂದ ಗಾಡಿಯನ್ನು ಎಷ್ಟು ಹಗುರ ಮಾಡಬಹುದೆಂದರೆ, ಪಂದ್ಯದ ಬೈಸಿಕಲ್ಲು 6.8 ಕಿಲೋಗಿಂತ ಕಡಿಮೆಯಿರಕೂಡದೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 2000ದಲ್ಲಿ ಕಟ್ಟಳೆ ಮಾಡಬೇಕಾಯಿತು. ದೂರದ ಸವಾರಿಯ ಹುಚ್ಚಿನವರೂ ಇದ್ದಾರೆ. ಬ್ರೆವೆ ಎಂಬ ಸವಾರಿಗಳಲ್ಲಿ 200 ಕಿ.ಮೀ. ದೂರವನ್ನು ಹದಿಮೂರೂವರೆ ಗಂಟೆಗಳೊಳಗೆ ಮುಗಿಸಬೇಕು. ಗೆದ್ದವರು ಸೋತವರು ಎಂಬುದು ಅಲ್ಲಿಲ್ಲ.

ಹಾಗಾದರೆ ಹೊಸದು ಹಳೆಯದಕ್ಕಿಂತ ಎಷ್ಟು ಮೇಲು? ಇದನ್ನು ಅಳೆಯಲು ಒಂದು ಗಂಟೆಯ ದಾಖಲೆಯು ಸಹಾಯಕ. ಒಬ್ಬನೇ ಸವಾರನು ಒಂದು ಗಂಟೆಯಲ್ಲಿ ಎಷ್ಟು ದೂರ ಸಾಗಬಲ್ಲನೆಂಬುದೇ ಈ ಪರೀಕ್ಷೆ. 1972ರಲ್ಲಿ ಬೆಲ್ಜಿಯಮಿನ ಎಡ್ಡಿ ಮರ್ಕ್ಸ್‌ನು ಮೆಕ್ಸಿಕೋ ನಗರದಲ್ಲಿ ಉಕ್ಕಿನ ಬೈಸಿಕಲ್ಲಿನ ಮೇಲೆ 49.431 ಕಿ.ಮೀ. ಸಾಗಿದನು. 2022ರಲ್ಲಿ ಇಟಲಿಯ ಫಿಲಿಪ್ಪೊ ಗನ್ನಾನು 56.792 ಕಿ.ಮೀ. ಸಾಗಿದನು. ಐವತ್ತು ವರ್ಷಗಳ ಅಂತರ ಏಳು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಅದರಲ್ಲಿಯೂ ಬಹುಪಾಲು ಬಂದುದು ಗಾಳಿಯನ್ನು ಸೀಳುವಂತೆ ಮೈಯನ್ನು ಬಾಗಿಸುವುದರಿಂದ, ತೊಡುವ ಬಟ್ಟೆಯಿಂದ, ಗಾಲಿಯ ರೂಪದಿಂದ ಮತ್ತು ಅಭ್ಯಾಸದ ಕ್ರಮದಿಂದ. ಸಮನೆಲದ ಮೇಲೆ ಸವಾರನ ದೊಡ್ಡ ಶತ್ರು ಗಾಡಿಯ ತೂಕವಲ್ಲ, ಎದುರಿನ ಗಾಳಿ. 1933ರಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಫೋರ್ ಎಂಬಾತನು ಒರಗಿ ಕುಳಿತು ತುಳಿಯುವ ಬೈಸಿಕಲ್ಲಿನಿಂದ ಆಗಿನ ದಾಖಲೆಯನ್ನು ಮುರಿದಾಗ, ಒಕ್ಕೂಟವು ಮರುವರ್ಷ ಅಂಥ ಗಾಡಿಗಳನ್ನೇ ಪಂದ್ಯದಿಂದ ಹೊರಗಿಟ್ಟಿತು. ಆದುದರಿಂದ ಇಂದಿನ ಪಂದ್ಯದ ಗಾಡಿಯು ತನ್ನ ಅಜ್ಜನನ್ನು ಹೋಲುವುದಕ್ಕೆ ಕಟ್ಟಳೆಯೂ ಒಂದು ಕಾರಣ.

ವೇಗವೊಂದೇ ಈ ಮೋಹಕ್ಕೆ ಕಾರಣವಾಗಿದ್ದರೆ ಹಳೆಯದನ್ನು ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ. ಹಳತನವೊಂದೇ ಕಾರಣವಾಗಿದ್ದರೆ ಹೊಸದಕ್ಕೆ ಯಾರೂ ಒಲಿಯುತ್ತಿರಲಿಲ್ಲ. ಇಬ್ಬರಿಗೂ ಸಮಾನವಾದುದು ಬೇರೊಂದಿದೆ ಎಂದು ನನಗೆ ತೋರುತ್ತದೆ. ಬೈಸಿಕಲ್ಲಿನಲ್ಲಿ ಮುಚ್ಚುಮರೆಯಿಲ್ಲ. ಕಾಲಿನ ಬಲ ಪೆಡಲಿಗೆ, ಪೆಡಲಿನಿಂದ ಸರಪಳಿಗೆ, ಸರಪಳಿಯಿಂದ ಗಾಲಿಗೆ ಹೋಗುವುದು ಕಣ್ಣಿಗೆ ಕಾಣುತ್ತದೆ. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿದರೆ ಗುಳ್ಳೆಯೇ ರೋಗವನ್ನು ಹೇಳುತ್ತದೆ. ಗಾಲಿ ಓಲಾಡಿದರೆ ಯಾವ ಕಡ್ಡಿ ಬಿಗಿಯಬೇಕು, ಯಾವುದನ್ನು ಸಡಿಲಿಸಬೇಕು ಎಂಬುದನ್ನು ಹುಡುಗನೂ ಕಲಿಯಬಲ್ಲನು. ತಿಳಿದು, ಕೈಯಿಂದ ಸರಿಪಡಿಸಿದ ವಸ್ತುವಿನ ಮೇಲೆ ಮನುಷ್ಯನಿಗೆ ಪ್ರೀತಿ ಹುಟ್ಟುವುದು ಸಹಜ. ಹಳೆಯ ಗಾಡಿಯವನೂ ಹೊಸ ಗಾಡಿಯವನೂ ಭಾನುವಾರ ಕೈಗೆ ಎಣ್ಣೆಮಸಿ ಬಳಿದುಕೊಂಡು ಕೂರುವುದು ಇದಕ್ಕಾಗಿಯೇ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಇದು ಹೊಟ್ಟೆ ತುಂಬಿದವರ ಪ್ರೀತಿಯಲ್ಲವೆ? ಬೈಸಿಕಲ್ಲನ್ನು ಬಿಟ್ಟರೆ ಬೇರೆ ಗತಿಯಿಲ್ಲದವನಿಗೆ ಈ ಮಾತು ಸಲ್ಲುವುದೆ? ಈ ಪ್ರಶ್ನೆ ನನಗೆ ದೂರದ್ದಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ತಂದೆಯವರು ಬಹುಕಾಲ ಹಾಲಿನ ಕ್ಯಾನುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಡೇರಿಗೆ ಹೋಗಿಬಂದವರು. ಸರಪಳಿಯ ಸದ್ದು ಕೇಳಿಯೇ ಯಾವ ಕೊಂಡಿ ಬಿಗಿದುಕೊಂಡಿದೆಯೆಂದು ಹೇಳಬಲ್ಲರು. ತೊಗಲಿನ ಸೀಟಿಗೆ ಎಣ್ಣೆ ಸವರುವ ಇಂಗ್ಲೆಂಡಿನವನನ್ನು ಅವರ ಮುಂದೆ ನಿಲ್ಲಿಸಿದರೆ, ಭಾಷೆ ಬಾರದಿದ್ದರೂ ಇಬ್ಬರಿಗೂ ಮಾತು ಬೇಕಾಗಲಾರದು. ಆದರೆ ಒಂದು ಭೇದವನ್ನು ಮರೆಯಬಾರದು. ಆತನು ಭಾರದ ಗಾಡಿಯನ್ನು ಆರಿಸಿಕೊಂಡವನು, ತಂದೆಯವರು ಆರಿಸಿಕೊಂಡವರಲ್ಲ. ಕೆರೆಯ ಏರಿಯ ಬಳಿ ಇಳಿದು ತಳ್ಳುವಾಗ ಎರಡು ಗೇರು ಇದ್ದಿದ್ದರೆ ಅವರು ಬೇಡವೆನ್ನುತ್ತಿರಲಿಲ್ಲ. ಆದುದರಿಂದ ಹಳೆಯ ಗಾಡಿಯ ಭಾರವನ್ನು ಹೊಗಳುವವರು ಅದನ್ನು ತಳ್ಳಿದವರ ಬೆನ್ನನ್ನೂ ನೆನೆಯಬೇಕು.

ಇನ್ನೊಂದು ಮಾತು. "ಬಿ.ಎ. ಓದಿದ ಮೇಲೂ ಸೈಕಲ್ಲೇ?" ಎಂದು ಊರಿನಲ್ಲಿ ಕೇಳುವವರಿದ್ದಾರೆ. ನಗರದಲ್ಲಿ ಮೋಟಾರು ಬೈಕಿಗಿಂತ ಹೆಚ್ಚು ಬೆಲೆಯ ಬೈಸಿಕಲ್ಲನ್ನು ಏರಿದವನನ್ನು ಯಾರೂ ಹೀಗೆ ಕೇಳುವುದಿಲ್ಲ. ಅಂದಮೇಲೆ ಕೀಳುತನವು ಬೈಸಿಕಲ್ಲಿನಲ್ಲಿಲ್ಲ, ನೋಡುವ ಕಣ್ಣಿನಲ್ಲಿದೆ. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಬೈಸಿಕಲ್ಲು ಕೊಡುವ ಯೋಜನೆ ಆರಂಭವಾದಾಗ, ಅದು ಎಷ್ಟೋ ಹೆಣ್ಣುಮಕ್ಕಳಿಗೆ ಶಾಲೆಯ ದಾರಿಯನ್ನು ಹತ್ತಿರ ಮಾಡಿತು. ಅವರ ಪಾಲಿಗೆ ಅದು ಬಡತನದ ಗುರುತಲ್ಲ, ಓದಿನ ಗುರುತು.

ಹೊಸ ಗಾಡಿಯವರಿಗೂ ಒಂದು ಎಚ್ಚರಿಕೆಯಿದೆ. 2020ರ ಜೂನ್ 3ರಂದು, ವಿಶ್ವ ಬೈಸಿಕಲ್ ದಿನದಂದೇ, ಅಟ್ಲಾಸ್ ಕಂಪನಿಯ ಸಾಹಿಬಾಬಾದಿನ ಕಾರ್ಖಾನೆ ಕೆಲಸ ನಿಲ್ಲಿಸಿತು. ಆದರೂ ಹಳೆಯ ಅಟ್ಲಾಸ್ ಗಾಡಿಗಳು ಓಡುತ್ತಿವೆ. ರೋಡ್‌ಸ್ಟರಿನ ಬಿಡಿಭಾಗಗಳು ಬಹುಮಟ್ಟಿಗೆ ಒಂದೇ ಅಳತೆಯವಾದುದರಿಂದ ಯಾವ ಪೇಟೆಯಲ್ಲಾದರೂ ಸಿಕ್ಕುತ್ತವೆ. ಹೊಸ ಗಾಡಿಗಳಲ್ಲಿ ತಯಾರಕನಿಗೊಂದು ಅಳತೆ. 2009ರಿಂದೀಚೆಗೆ ಶಿಮಾನೋ ಕಂಪನಿಯು ರಸ್ತೆ ಬೈಸಿಕಲ್ಲಿಗೆ ವಿದ್ಯುತ್ತಿನಿಂದ ಬದಲಾಗುವ ಗೇರುಗಳನ್ನೂ ಮಾರುತ್ತಿದೆ. ಅವು ನಯವಾಗಿ ನಡೆಯುತ್ತವೆ, ಸುಳ್ಳಲ್ಲ. ಆದರೆ ಒಳಗೆ ನಡೆಯುವುದು ಕಾಣದಂತಾದಷ್ಟೂ ಸವಾರನು ಯಜಮಾನನಾಗಿ ಉಳಿಯುತ್ತಾನೆಯೇ ಹೊರತು ಗೆಳೆಯನಾಗಲಾರನು.

ಮಿತ್ರರೆ, ನಮ್ಮಲ್ಲಿ ಅನೇಕರ ಮನೆಯ ಹಿತ್ತಿಲಲ್ಲಿ ಗೋಡೆಗೊರಗಿದ ಹಳೆಯ ಬೈಸಿಕಲ್ಲೊಂದು ಇದ್ದೇ ಇರುತ್ತದೆ. ಗುಜರಿಯವನನ್ನು ಕರೆಯುವ ಮೊದಲು ಸರಪಳಿಯ ತುಕ್ಕನ್ನು ಸೀಮೆಎಣ್ಣೆಯಲ್ಲಿ ತೊಳೆದು, ಎರಡು ತೊಟ್ಟು ಎಣ್ಣೆ ಬಿಟ್ಟು, ಟ್ಯೂಬಿಗೆ ಗಾಳಿ ಹಾಕಿ ನೋಡಿ. ಬಹಳ ಸಲ ಅಷ್ಟೇ ಸಾಕು. ಹೊಸದನ್ನು ಕೊಳ್ಳುವ ಶಕ್ತಿಯಿದ್ದವರು ಕೊಳ್ಳಲಿ. ಒಂದು ಕೀಲುಸನ್ನೆಯನ್ನೂ ಜೊತೆಗೆ ಕೊಳ್ಳಲಿ. ಹಳೆಯದಾಗಲಿ ಹೊಸದಾಗಲಿ, ಬೈಸಿಕಲ್ಲು ಅದನ್ನು ತಿಳಿದವನಿಗೇ ಒಲಿಯುತ್ತದೆ.